ನೀಲಿ ಗೇಟ್ ಮನೆ ಯಾವ ಕಾಲಂನಲ್ಲಿ? ಡೇಟಾಬೇಸ್ ಕಟ್ಟೋಕೆ ಎಸ್‌ಕ್ಯೂಎಲ್ ಒಂದೇ ಸಾಕಾ?

2015ರ ಬೇಸಿಗೆ. ಬನ್ನೇರುಘಟ್ಟ ರಸ್ತೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಗೊಟ್ಟಿಗೆರೆಯಲ್ಲಿ ಒಂದು ಬಾಡಿಗೆ ರೂಮು. ಮನೆ ಓನರ್‌ಗೆ ಪರಿಚಯದವರೊಬ್ಬರು ನೀರಿನ ಟ್ಯಾಂಕರ್ ಇಟ್ಟಿದ್ದರು. ಮೂರು ಟ್ಯಾಂಕರ್, ಒಂದು ಬೋರ್‌ವೆಲ್, ಒಂದು ತಗಡಿನ ಶೆಡ್ಡು. ಒಂದು ಭಾನುವಾರ ಕರೆಸಿ ಕೇಳಿದರು: "ಏನಪ್ಪಾ, ನೀನು ಕಂಪ್ಯೂಟರ್ ಇಂಜಿನಿಯರ್ ಅಂತಲ್ಲ, ನಂಗೊಂದು ಲೆಕ್ಕದ ಸಾಫ್ಟ್‌ವೇರ್ ಮಾಡ್ಕೊಡು. ಈ ಪುಸ್ತಕ ಇಟ್ಕೊಂಡು ಸಾಕಾಗೋಗಿದೆ."

ಎಂಟು ಸಾವಿರಕ್ಕೆ ಒಪ್ಪಿಕೊಂಡೆ. ಜೀವನದ ಮೊದಲ ಕ್ಲೈಂಟ್ ಅನ್ನೋ ಜಂಬ ಬೇರೆ. ಎರಡು ರಾತ್ರಿ ಕೂತು ಮೂರು ಟೇಬಲ್ ಮಾಡಿದೆ: ಗ್ರಾಹಕರು, ಟ್ರಿಪ್ಪು, ಹಣ. ಗ್ರಾಹಕರ ಟೇಬಲ್‌ನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್, ಫೋನ್ ನಂಬರ್, ವಿಳಾಸ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ಗುರುತಿಸುವ ಪ್ರೈಮರಿ ಕೀ ಯಾವುದು? ಫೋನ್ ನಂಬರ್. ಕಾಲೇಜಿನಲ್ಲಿ ಡಿಬಿಎಂಎಸ್ ಪೇಪರಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದೆ, ಇದೆಲ್ಲ ಏನು ಮಹಾ ಅಂದುಕೊಂಡೆ.

ಮೂರೇ ವಾರ. ಅಣ್ಣ ವಾಪಸ್ ಪುಸ್ತಕಕ್ಕೆ ಹೋದರು. ಕಂಪ್ಯೂಟರ್ ಮೇಲೆ ಟವೆಲ್ ಹೊದಿಸಿ ಇಟ್ಟಿದ್ದರು.

ಏನು ತಪ್ಪಾಯ್ತು ಅಂತ ನೋಡೋಕೆ ಆಗ ಆ ಪುಸ್ತಕ ತೆಗೆದೆ. ಮೊದಲೇ ತೆಗೆದು ನೋಡಬೇಕಾಗಿದ್ದ ಪುಸ್ತಕ ಅದು. ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ. 'ನೀಲಿ ಗೇಟ್ ಮನೆ', 'ಡಾಕ್ಟ್ರು ಮಹಡಿ', 'ಬೇಕ್ರಿ ಹಿಂದುಗಡೆ', 'ಕೇರಳದೋರ ಪಿಜಿ'. ಅಣ್ಣನಿಗೆ ಬೇಕಾಗಿದ್ದದ್ದು ಮನುಷ್ಯರ ಪಟ್ಟಿ ಅಲ್ಲ, ನೀರು ಇಳಿಸೋ ಜಾಗಗಳ ಪಟ್ಟಿ. ಬಾಡಿಗೆಯವರು ಖಾಲಿ ಮಾಡಿಕೊಂಡು ಹೋಗ್ತಾರೆ, ಫೋನ್ ನಂಬರ್ ಅವರ ಜೊತೆಗೇ ಹೋಗುತ್ತೆ. ನನ್ನ ಸಾಫ್ಟ್‌ವೇರ್‌ನಲ್ಲಿ ಆ ಮನೆಯ ಬಾಕಿಯೂ ಆ ನಂಬರಿನ ಜೊತೆಗೇ ಹೋಗ್ತಿತ್ತು. ಫೋನ್ ಮಾಡೋದು ಹೆಂಡತಿ, ದುಡ್ಡು ಕೊಡೋದು ಗಂಡ ಆದರೆ ಒಂದೇ ಮನೆ ಎರಡಾಗ್ತಿತ್ತು. ಇಬ್ಬರು ಅಕ್ಕಪಕ್ಕದವರು ಸೇರಿ ಒಂದು ಲೋಡ್ ಹಂಚಿಕೊಂಡರಂತೂ ಬರೆಯೋಕೆ ಜಾಗವೇ ಇಲ್ಲ, ಯಾಕಂದ್ರೆ ಒಂದು ಟ್ರಿಪ್ಪಿಗೆ ಒಬ್ಬರೇ ಗ್ರಾಹಕರು ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅಣ್ಣನನ್ನ ಕೇಳಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ರೇಟಿನದು. ಲೋಡಿನ ರೇಟನ್ನು ಒಂದೇ ಕಡೆ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಅಣ್ಣ ರೇಟ್ ಏರಿಸಿದರು, ಹೊಸ ಅಂಕಿ ಹಾಕಿದರು. ತಕ್ಷಣ ಫೆಬ್ರವರಿ, ಮಾರ್ಚಿನ ಹಳೇ ಬಾಕಿಗಳೂ ಹೊಸ ರೇಟಿಗೆ ಏರಿ ಕೂತವು. ಬೀದೀಲಿ ನಿಂತು ಜನ ಅವರನ್ನ ಬೈದರು. ಮಾರಾಟ ಆದ ದಿನದ ರೇಟನ್ನು ಆ ಮಾರಾಟದ ಸಾಲಿನಲ್ಲೇ ಬರೆದಿಡಬೇಕು ಅನ್ನೋದು ಪುಸ್ತಕ ಬರೆಯೋ ಅಣ್ಣನಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇಂಜಿನಿಯರಿಂಗ್ ಓದ್ತಿರೋ ಹುಡುಗ ಹುಡುಗಿಯರು ಆಗಾಗ ಒಂದು ಪ್ರಶ್ನೆ ಕೇಳ್ತಾರೆ. ಕ್ಲೈಂಟ್‌ಗಳಿಗೆ ಡೇಟಾಬೇಸ್ ಡಿಸೈನ್ ಮಾಡಿಕೊಡೋಕೆ ಏನೇನು ಕಲೀಬೇಕು, ಎಸ್‌ಕ್ಯೂಎಲ್ ಸಾಕಾ, ಯಾವ ಸರ್ಟಿಫಿಕೇಟ್ ಒಳ್ಳೇದು ಅಂತ. ಪತ್ರಿಕೋದ್ಯಮಕ್ಕೆ ಬಂದವನನ್ನ ಇದು ಕೇಳೋದು ತಮಾಷೆ ಅನ್ನಿಸಬಹುದು. ಆದರೆ ನಾನು ಬರೆಯೋ ಸುದ್ದಿಗಳಲ್ಲಿ ಅರ್ಧಕ್ಕರ್ಧ ಡೇಟಾಬೇಸ್ ಸುದ್ದಿಗಳೇ. ಪಿಂಚಣಿ ನಿಂತಿತು, ರೇಷನ್ ಕಾರ್ಡ್ ರದ್ದಾಯ್ತು, ಖಾತೆಯಲ್ಲಿ ಹೆಸರು ತಪ್ಪಾಯ್ತು, ಗಣತಿಯಲ್ಲಿ ಜಾತಿ ಸಿಗಲಿಲ್ಲ. ಎಲ್ಲೋ ಒಬ್ಬ ಡಿಸೈನರ್ ಒಂದು ಕಾಲಂ ಹೀಗಿರಲಿ ಅಂತ ಅಂದುಕೊಂಡಿರ್ತಾನೆ. ಅದರ ಫಲ ಮಾತ್ರ ಕೌಂಟರ್ ಮುಂದೆ ನಿಂತವರಿಗೆ.

ಒಂದು ಸಂಗತಿ, ಒಂದೇ ಜಾಗ

ಟೆಕ್ನಿಕಲ್ ಭಾಗ ಬೇಗ ಮುಗಿಸ್ತೀನಿ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಪ್ರಬಂಧ ಬರೆದರು. ಮಾಹಿತಿಯನ್ನು ಟೇಬಲ್‌ಗಳಾಗಿ ಇಡೋಣ, ಒಂದು ಟೇಬಲ್‌ನ ಸಾಲಿಗೂ ಇನ್ನೊಂದರ ಸಾಲಿಗೂ ಸಂಬಂಧವನ್ನು ಮೌಲ್ಯಗಳ ಮೂಲಕವೇ ಹೇಳೋಣ, ಡಿಸ್ಕಿನಲ್ಲಿ ಎಲ್ಲಿ ಹೇಗೆ ಕೂತಿದೆ ಅನ್ನೋದರ ತಲೆನೋವು ಬಳಸುವವರಿಗೆ ಬೇಡ ಅನ್ನೋದು ಅದರ ತಿರುಳು. ಇವತ್ತು ನಿಮ್ಮ ಬ್ಯಾಂಕ್, ನಿಮ್ಮ ರೇಷನ್ ಅಂಗಡಿ, ನಿಮ್ಮ ಆಹಾರ ಡೆಲಿವರಿ ಆ್ಯಪ್ ಬಹುಪಾಲು ನಡೀತಿರೋದು ಇದರ ಮೇಲೆಯೇ. 1976ರಲ್ಲಿ ಪೀಟರ್ ಚೆನ್ ಎಂಬುವರು ಕಾಗದದ ಮೇಲೆ ಚಿತ್ರ ಬರೆದು ಡಿಸೈನ್ ಮಾಡೋ ವಿಧಾನ ಕೊಟ್ಟರು: ಲೋಕದಲ್ಲಿ ಇರೋ ವಸ್ತುಗಳು ಯಾವುವು, ಅವುಗಳ ನಡುವಿನ ಸಂಬಂಧ ಏನು. ಕಾಲೇಜಿನಲ್ಲಿ ಇಆರ್ ಡಯಾಗ್ರಾಂ ಅಂತ ನಾವೆಲ್ಲ ಸ್ಕೇಲ್ ಹಿಡಿದು ಬರೆದದ್ದು ಅದೇ.

ನಾರ್ಮಲೈಸೇಶನ್ ಅನ್ನೋ ಪದ ಕೇಳಿ ಹೆದರಬೇಡಿ. ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆದಿಡು, ಹತ್ತು ಕಡೆ ಬರೆದರೆ ಒಂಬತ್ತು ಕಡೆ ತಿದ್ದೋದು ಮರೆತುಹೋಗುತ್ತೆ, ಅಷ್ಟೇ. ಡಾಕ್ಟ್ರು ಮಹಡಿಯ ವಿಳಾಸ ಇನ್ನೂರು ಟ್ರಿಪ್ಪುಗಳ ಸಾಲಿನಲ್ಲಿ ಇನ್ನೂರು ಸಲ ಇರಬಾರದು. ಹಾಗಾದರೆ ರೇಟು? ಅದನ್ನ ಒಂದೇ ಕಡೆ ಇಟ್ಟಿದ್ದಕ್ಕೇ ತಾನೆ ನಾನು ಕೆಟ್ಟದ್ದು? ಇಲ್ಲೇ ಸೂಕ್ಷ್ಮ ಇರೋದು. 'ಇವತ್ತಿನ ರೇಟು' ಒಂದು ಸಂಗತಿ, 'ಮಾರ್ಚ್ 12ಕ್ಕೆ ಈ ಲೋಡನ್ನು ಮಾರಿದ ರೇಟು' ಇನ್ನೊಂದು ಸಂಗತಿ. ಅವೆರಡನ್ನ ಒಂದೇ ಅಂದುಕೊಂಡದ್ದು ನನ್ನ ತಪ್ಪು, ಕಾಡ್ ಅವರದ್ದಲ್ಲ. ಎರಡು ಸಂಗತಿಗಳು ಬೇರೆ ಅಂತ ಗೊತ್ತಾಗಬೇಕಾದರೆ ನೀರಿನ ವ್ಯಾಪಾರ ಗೊತ್ತಿರಬೇಕು. ಎಸ್‌ಕ್ಯೂಎಲ್ ಇದನ್ನ ಹೇಳಿಕೊಡಲ್ಲ.

ಪಹಣಿಯ ಹನ್ನೊಂದನೇ ಕಾಲಂ

ನಮ್ಮ ರಾಜ್ಯದಲ್ಲಿ ಅತಿ ದೊಡ್ಡ ಕ್ಲೈಂಟ್ ಯಾರು? ಸರ್ಕಾರ. ಕರ್ನಾಟಕ ದೇಶಕ್ಕೇ ತೋರಿಸಿಕೊಟ್ಟ ಡೇಟಾಬೇಸ್ ಯಾವುದು ಅಂದ್ರೆ 'ಭೂಮಿ'. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವ, ಎನ್‌ಐಸಿಯ ತಾಂತ್ರಿಕ ಕೆಲಸ. 2000ದ ದಶಕದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಪ್ರಿಂಟ್ ಸಿಗೋದು. ಕೈಬರಹದ ಪಹಣಿಗೆ ಮಾನ್ಯತೆ ಹೋಯ್ತು.

ಅದರಲ್ಲಿ ಡಿಸೈನರ್‌ಗಳು ಮೆಚ್ಚಬೇಕಾದ ಒಂದು ವಿಷಯ ಇದೆ. ಹಕ್ಕು ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು ಅನ್ನೋ ನಿಯಮವನ್ನ ಸಾಫ್ಟ್‌ವೇರ್ ಒಳಗೇ ಕಟ್ಟಿದರು. ಜೊತೆಗೆ ಬೆರಳಚ್ಚು ಕೊಟ್ಟೇ ಸಿಬ್ಬಂದಿ ಒಳಗೆ ಹೋಗಬೇಕು, ಹಾಗಾಗಿ 'ನಾನಲ್ಲ ಸಾರ್ ಮಾಡಿದ್ದು' ಅನ್ನೋದು ಕಷ್ಟ. ಲಂಚ ಯಾವ ಜಾಗದಲ್ಲಿ ಹುಟ್ಟುತ್ತೆ ಅಂತ ಗೊತ್ತಿದ್ದವರು ಮಾಡಿದ ಡಿಸೈನ್ ಇದು. ಕಂದಾಯ ಇಲಾಖೆಯ ಒಳಗೆ ಕೂತು ಕೆಲಸ ನೋಡದವರಿಗೆ ಇದು ಹೊಳೀತಿರಲಿಲ್ಲ.

ಆದರೆ ಕಾಗದದಲ್ಲಿ ಏನಿತ್ತೋ ಅದೇ ಕಂಪ್ಯೂಟರಿಗೆ ಬಂತು. ಪಹಣಿಯ 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು. ಅಲ್ಲಿ 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. ತಲೆಮಾರುಗಳಿಂದ ಭಾಗ ಆಗದ ಜಮೀನಿನಲ್ಲಿ ತಾತನ ಹೆಸರೇ ಕೂತಿದೆ, ಉಳುವವರು ಮೂರನೇ ತಲೆಮಾರು. ಹೆಣ್ಣುಮಕ್ಕಳ ಹೆಸರು ಬಹಳಷ್ಟು ಕಡೆ ಇಲ್ಲವೇ ಇಲ್ಲ. ಕಾಗದದ ಮೇಲಿದ್ದಾಗ ಊರಿನವರಿಗೆ ನಿಜ ಗೊತ್ತಿರ್ತಿತ್ತು, ತಕರಾರು ಮಾತಾಡಿ ಬಗೆಹರಿಸೋ ಜಾಗ ಇರ್ತಿತ್ತು. ದಾಖಲೆ ತಾಲ್ಲೂಕಿಗೆ ಹೋದಾಗ ಊರಿನ ಆ ತಿಳಿವಳಿಕೆ ದಾಖಲೆಯ ಜೊತೆ ಹೋಗಲಿಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಭೂಮಿ ವ್ಯವಹಾರ ನೋಡಿ ಒಂದು ಖಾರದ ಅಧ್ಯಯನ ಬರೆದರು. ಲಂಚ ಕಡಿಮೆ ಆಗೋದಿರಲಿ, ಹೆಚ್ಚಾಯ್ತು. ದಾಖಲೆ ಒಂದೇ ಕಡೆ ಸೇರಿದ್ದರಿಂದ ಭಾರೀ ಪ್ರಮಾಣದಲ್ಲಿ ಜಮೀನು ಕೊಳ್ಳುವ ದೊಡ್ಡವರಿಗೆ ಅನುಕೂಲ ಆಯ್ತು ಅನ್ನೋದು ಅವರ ವಾದ. 'ಭೂಮಿ'ಯನ್ನು ಹೊಗಳುವ ವರದಿಗಳ ಜೊತೆ ಇದನ್ನೂ ಓದಬೇಕು. ನನ್ನ ಅನಿಸಿಕೆ ಕೇಳಿದರೆ ಎರಡೂ ನಿಜ: ಹತ್ತು ಗುಂಟೆ ರೈತನಿಗೆ ಪಹಣಿ ಸುಲಭವಾಗಿ ಸಿಕ್ಕಿತು, ಹತ್ತು ಎಕರೆ ಹುಡುಕುವವನಿಗೆ ಅದಕ್ಕಿಂತ ಸುಲಭವಾಗಿ ಸಿಕ್ಕಿತು.

ಇನ್ನು 11ನೇ ಕಾಲಂ. ಅದು ಇತರರ ಹಕ್ಕು ಮತ್ತು ಋಣಗಳ ಜಾಗ: ಬ್ಯಾಂಕ್ ಸಾಲ, ಅಡಮಾನ ಮುಂತಾದವು. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ಕೆಲವು ರೈತರು ತಮ್ಮ ಪಹಣಿಯ ಈ ಕಾಲಂನಲ್ಲಿ ವಕ್ಫ್ ಹೆಸರು ನೋಡಿ ಬೀದಿಗಿಳಿದರು. ರಾಜ್ಯದಾದ್ಯಂತ ಗಲಾಟೆ ಆಗಿ, ನೋಟಿಸ್‌ಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಿತು. ಟಿವಿಯವರು ಅದನ್ನ ಹಿಂದೂ-ಮುಸ್ಲಿಂ ಜಗಳ ಮಾಡಿದರು. ಡೇಟಾಬೇಸ್ ಕಣ್ಣಿನಿಂದ ನೋಡಿದರೆ ಪ್ರಶ್ನೆ ಬೇರೆಯೇ: ನನ್ನ ಜಮೀನಿನ ಸಾಲಿನಲ್ಲಿ ಒಂದು ಕಾಲಂ ಬದಲಾದರೆ ನನಗೆ ತಿಳಿಸದೆ ಬದಲಾಗೋಕೆ ಸಾಧ್ಯವೇ? ಯಾರು, ಯಾವತ್ತು, ಯಾವ ಆದೇಶದ ಮೇಲೆ ಬದಲಿಸಿದರು ಅನ್ನೋದು ನನಗೆ ಕಾಣುತ್ತಾ? ಹೀಗೆ ಪ್ರತಿ ತಿದ್ದುಪಡಿಯ ಜಾಡು ಇಡೋದಕ್ಕೆ ಆಡಿಟ್ ಲಾಗ್ ಅಂತಾರೆ. ಕ್ಲೈಂಟ್‌ಗಳು ಇದನ್ನ ಕೇಳೋದೇ ಇಲ್ಲ, ಖರ್ಚು ಅಂತಾರೆ. ಕೇಳದಿದ್ದರೂ ಹಾಕಿ.

ಒಂದು ಮನೆಗೆ ಎಷ್ಟು ನಂಬರು?

ವಾಪಸ್ ಗೊಟ್ಟಿಗೆರೆಗೆ ಬರೋಣ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ನಗರಸಭೆಗಳ ಜೊತೆ ಸೇರಿಕೊಂಡ 110 ಹಳ್ಳಿಗಳಲ್ಲಿ ಇದೂ ಒಂದು. ಅಂಥ ಹಳ್ಳಿಯ ಒಂದು ಮನೆಯ ಕತೆ ನೋಡಿ. ಮೂಲದಲ್ಲಿ ಅದು ಜಮೀನು, ಅದಕ್ಕೊಂದು ಸರ್ವೆ ನಂಬರು. ಸೈಟಾದಾಗ ಪಂಚಾಯಿತಿ ಖಾತೆ ನಂಬರು. ಪಾಲಿಕೆ ಬಂದ ಮೇಲೆ ಪಿಐಡಿ, ಆಸ್ತಿ ತೆರಿಗೆ ಕಟ್ಟೋಕೆ ಇನ್ನೊಂದು ಅರ್ಜಿ ಸಂಖ್ಯೆ. ಬೆಸ್ಕಾಂ ಮೀಟರಿನ ಆರ್‌ಆರ್ ನಂಬರು, ಕಾವೇರಿ ಬಂದಿದ್ದರೆ ಜಲಮಂಡಳಿಯ ನಂಬರು, ಸಬ್‌ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರದ ನಂಬರು. ಈಗ ಇ-ಖಾತಾ ಬಂದು ಇ-ಪಿಐಡಿ. ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ ಆಗಿದ್ದು 2024ರ ಅಕ್ಟೋಬರ್‌ನಿಂದ. ಅಲ್ಲಿಂದ ಈ ಎಲ್ಲಾ ನಂಬರುಗಳನ್ನೂ ಆಧಾರ್ ಹೆಸರನ್ನೂ ಒಂದೇ ಸಾಲಿಗೆ ತಂದು ಕೂರಿಸುವ ಕೆಲಸ ಜನರ ತಲೆ ಮೇಲೆ ಬಂತು.

ಇವುಗಳಲ್ಲಿ 'ನಿಜವಾದ' ನಂಬರ್ ಯಾವುದು ಅಂತ ಹೊಸಬರು ಕೇಳ್ತಾರೆ. ಹಾಗೆ ಒಂದಿಲ್ಲ. ಡಿಸೈನರ್ ಮಾಡಬೇಕಾದದ್ದು ಮನೆಗೆ ಅರ್ಥವೇ ಇಲ್ಲದ ಒಂದು ಒಳಗಿನ ಸಂಖ್ಯೆ ಕೊಟ್ಟು, ಉಳಿದ ಎಲ್ಲಾ ನಂಬರುಗಳನ್ನು ಇನ್ನೊಂದು ಟೇಬಲ್‌ನಲ್ಲಿ ಇಡೋದು: ಯಾರು ಕೊಟ್ಟ ನಂಬರು, ಯಾವತ್ತಿಂದ, ಯಾವತ್ತಿನವರೆಗೆ. ಅರ್ಥವೇ ಇಲ್ಲದ ಸಂಖ್ಯೆ ಯಾಕೆ ಬೇಕು? ಹಳೇ ಪಿಐಡಿಯನ್ನೇ ನೋಡಿ. ಅದರ ಮೊದಲ ಭಾಗ ವಾರ್ಡ್ ಸಂಖ್ಯೆ, ಆಮೇಲೆ ರಸ್ತೆ, ಆಮೇಲೆ ಆಸ್ತಿ. ಅಂಕಿ ನೋಡಿದರೆ ಜಾಗ ಗೊತ್ತಾಗುತ್ತೆ, ಎಷ್ಟು ಜಾಣತನ ಅಲ್ವಾ? ಆದರೆ 198 ಇದ್ದ ವಾರ್ಡುಗಳು 2022ರ ಮರುವಿಂಗಡಣೆಯಲ್ಲಿ 243 ಆದವು, 2023ರಲ್ಲಿ 225. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಪಾಲಿಕೆಯೇ ಐದು ಹೋಳಾಯ್ತು. ಮನೆ ಇದ್ದಲ್ಲೇ ಇದೆ, ಅದರ ನಂಬರಿನೊಳಗಿರೋ ವಾರ್ಡ್ ಮಾತ್ರ ಈಗ ಸುಳ್ಳು. ರಾಜಕೀಯದವರು ಬದಲಿಸಬಹುದಾದ ಯಾವುದನ್ನೂ ಕೀ ಒಳಗೆ ಸೇರಿಸಬೇಡಿ.

ಹೆಸರಿನ ಕತೆ ಇನ್ನೂ ದೊಡ್ಡದು. ಇ-ಖಾತಾ ಶುರುವಾದಾಗ ಜನ ಹೆಚ್ಚು ಗೋಳಾಡಿದ್ದು ಆಧಾರ್ ಹೆಸರಿಗೂ ಕ್ರಯಪತ್ರದ ಹೆಸರಿಗೂ ಹೊಂದಿಕೆ ಆಗಲ್ಲ ಅಂತ. ಯಾಕೆ ಹೊಂದಬೇಕು ಹೇಳಿ? ನಮ್ಮಲ್ಲಿ ಬಹಳ ಜನಕ್ಕೆ ಲಾಸ್ಟ್ ನೇಮ್ ಅನ್ನೋದೇ ಇಲ್ಲ. ಮಂಜುನಾಥ ಅನ್ನೋನು ಶಾಲೆಯಲ್ಲಿ ಎನ್. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ್ ನಾಗಪ್ಪ, ಕ್ರಯಪತ್ರದಲ್ಲಿ ನಾಗಪ್ಪನವರ ಮಗ ಮಂಜಣ್ಣ. ಇನಿಷಿಯಲ್ ಮುಂದೆ ಬಂದರೆ ಊರಿನದೂ ಇರಬಹುದು, ಅಪ್ಪಂದೂ ಇರಬಹುದು. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಇನಿಷಿಯಲ್ಲೇ ಬದಲಾಗುತ್ತೆ. ಬೇರೆ ದೇಶದ ಟೆಂಪ್ಲೇಟಿನಿಂದ ಎತ್ತಿದ 'ಫಸ್ಟ್ ನೇಮ್, ಲಾಸ್ಟ್ ನೇಮ್' ಎಂಬ ಎರಡು ಡಬ್ಬಿ ಇಟ್ಟು, ಎರಡನೇದನ್ನು ಕಡ್ಡಾಯ ಮಾಡಿದರೆ ಜನ ಅಲ್ಲೊಂದು ಚುಕ್ಕಿ ಹಾಕ್ತಾರೆ, ಇಲ್ಲ ಮೊದಲ ಹೆಸರನ್ನೇ ಇನ್ನೊಂದು ಸಲ ಬರೀತಾರೆ. 'ಲಕ್ಷ್ಮಮ್ಮ ಲಕ್ಷ್ಮಮ್ಮ' ಅನ್ನೋ ಹೆಸರನ್ನ ನಾನೇ ನೋಡಿದ್ದೀನಿ. ಪೂರ್ತಿ ಹೆಸರಿಗೆ ಒಂದೇ ಡಬ್ಬಿ ಕೊಡಿ. ಜೊತೆಗೆ ಅದೇ ವ್ಯಕ್ತಿಯ ಬೇರೆ ದಾಖಲೆಗಳಲ್ಲಿರೋ ಹೆಸರುಗಳಿಗೆ ಒಂದು ಪಕ್ಕದ ಟೇಬಲ್ ಕೊಡಿ.

ಕನ್ನಡದಲ್ಲಿ ಬರೆದಿಟ್ಟರೆ ಸಮಸ್ಯೆ ತೀರುತ್ತಾ? ತೀರಲ್ಲ, ಬೇರೆ ಸಮಸ್ಯೆ ಶುರುವಾಗುತ್ತೆ. ಇದನ್ನ ಕನ್ನಡಿಗ ಡಿಸೈನರ್‌ಗಳಲ್ಲದೆ ಬೇರೆ ಯಾರೂ ತಲೆಗೆ ಹಚ್ಚಿಕೊಳ್ಳಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಕನ್ನಡದ ಸೊನ್ನೆ ಅಂಕಿ ೦ ಮತ್ತು ಅನುಸ್ವಾರ ಂ ಕಣ್ಣಿಗೆ ಒಂದೇ ಥರ, ಕಂಪ್ಯೂಟರಿಗೆ ಎರಡು ಬೇರೆ ಅಕ್ಷರ. ಟೈಪ್ ಮಾಡುವವರು ಗಂಗಮ್ಮನ ಹೆಸರಲ್ಲಿ ಸೊನ್ನೆ ಒತ್ತಿದ್ದರೆ ಆ ಗಂಗಮ್ಮ ಹುಡುಕಿದಾಗ ಸಿಗಲ್ಲ. 'ಮಂಜುನಾಥ್' ಅಂತ ಕೊನೆಗೆ ಅರ್ಧಾಕ್ಷರ ಬಂದಾಗ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಅಕ್ಷರವನ್ನ ಹಿಂದೆ ಅಂಟಿಸ್ತವೆ, ಕೆಲವು ಅಂಟಿಸಲ್ಲ. ಸ್ಕ್ರೀನಿನಲ್ಲಿ ಇಬ್ಬರೂ ಒಂದೇ, ಹೋಲಿಸಿ ನೋಡಿದರೆ ಬೇರೆ ಬೇರೆ. 'ಕೋ' ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಇಡಬಹುದು. ಇವನ್ನೆಲ್ಲ ಒಂದೇ ರೂಪಕ್ಕೆ ತಂದು ಆಮೇಲೆ ಉಳಿಸಬೇಕು. ಇನ್ನು ಯೂನಿಕೋಡ್‌ಗೆ ಮುಂಚಿನ ಹಳೇ ನುಡಿ, ಬರಹ ಫಾಂಟುಗಳಲ್ಲಿ ತುಂಬಿಟ್ಟ ದಾಖಲೆಗಳು ಬಂದರಂತೂ ಫಾಂಟ್ ತೆಗೆದ ಕೂಡಲೇ ಎಲ್ಲಾ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಪರಿವರ್ತನೆಗೆ ಎಷ್ಟು ದಿನ ಬೇಕು ಅಂತ ಕ್ಲೈಂಟ್ ಕೇಳಿದರೆ, ನೀವು ಅಂದುಕೊಂಡದ್ದರ ಮೂರರಷ್ಟು ಹೇಳಿ.

ಹುಟ್ಟಿದ ದಿನಾಂಕ ಇನ್ನೊಂದು. ಗೊತ್ತಿಲ್ಲದವರಿಗೆಲ್ಲ ಆಧಾರ್‌ನಲ್ಲಿ ಜನವರಿ 1, ನಮ್ಮ ಶಾಲಾ ದಾಖಲೆಗಳಲ್ಲಿ ಜೂನ್ 1. ಖಾಲಿ ಬಿಡೋಕೆ ಬಿಡದ ಕಾಲಂ ಜನರ ಬಾಯಿಂದ ಸುಳ್ಳು ಹೇಳಿಸುತ್ತೆ, ಆಮೇಲೆ ಆ ಸುಳ್ಳೇ ಪಿಂಚಣಿಯ ವಯಸ್ಸನ್ನ ಲೆಕ್ಕ ಹಾಕುತ್ತೆ. 'ವರ್ಷ ಮಾತ್ರ ಗೊತ್ತು' ಅನ್ನೋದನ್ನ ಹಾಗೇ ಬರೆದಿಡೋಕೆ ಒಂದು ಕಾಲಂ ಸೇರಿಸಿದರೆ ಎಷ್ಟು ಖರ್ಚು?

ಬರೆದುಕೊಳ್ಳದೇ ಇದ್ದದ್ದು

ಒಳಮೀಸಲಾತಿ ಚರ್ಚೆಯನ್ನ ಗಮನಿಸಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಪರಿಶಿಷ್ಟ ಜಾತಿಗಳೊಳಗೆ ಮೀಸಲಾತಿಯನ್ನು ಹಂಚಬೇಕಾದರೆ ಹೊಲೆಯ, ಮಾದಿಗ ಮೊದಲಾದ ಸಮುದಾಯಗಳ ಜನಸಂಖ್ಯೆ ಬೇಕು. ಜನಗಣತಿಯ ಕಾಲಂನಲ್ಲಿ ಲಕ್ಷಾಂತರ ಜನ ಬರೆಸಿದ್ದದ್ದು ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ. ಈ ಹೆಸರುಗಳು ಒಂದು ಜಾತಿಯವಲ್ಲ, ಗುಂಪಿನ ಹೆಸರುಗಳು. ಒಂದು ಜಿಲ್ಲೆಯಲ್ಲಿ ಆದಿ ಕರ್ನಾಟಕ ಅಂದ್ರೆ ಹೊಲೆಯರು, ಇನ್ನೊಂದು ಜಿಲ್ಲೆಯಲ್ಲಿ ಮಾದಿಗರು. ಮೂಲದಲ್ಲಿ ಆ ಭೇದವನ್ನ ಬರೆದುಕೊಂಡೇ ಇಲ್ಲ ಅಂದಮೇಲೆ ಎಂಥಾ ಬುದ್ಧಿವಂತ ಕ್ವೆರಿ ಬರೆದರೂ ಉತ್ತರ ಬರಲ್ಲ. ದಶಕಗಳ ಹೋರಾಟಕ್ಕೆ 'ದತ್ತಾಂಶ ಇಲ್ಲ' ಅನ್ನೋ ಒಂದೇ ಉತ್ತರ ಸಿಗ್ತಾ ಇತ್ತು. ಕೊನೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಮೂಲ ಜಾತಿ ಕೇಳಿ ಬರೆಸಿಕೊಳ್ಳಬೇಕಾಯ್ತು. ಆಗಲೂ ಎಲ್ಲರೂ ಮೂಲ ಜಾತಿ ಹೇಳಲಿಲ್ಲ. ಕೆಲವರಿಗೆ ಗೊತ್ತಿರಲಿಲ್ಲ, ಕೆಲವರಿಗೆ ಹೇಳೋಕೆ ಇಷ್ಟ ಇರಲಿಲ್ಲ. ಬೆಂಗಳೂರಿನಂಥ ಊರಲ್ಲಿ ಬಾಡಿಗೆ ಮನೆ ಬಾಗಿಲಲ್ಲಿ, ಓನರ್ ಕಿವಿಗೆ ಬೀಳೋ ಹಾಗೆ ಜಾತಿ ಹೇಳಿ ಅಂದರೆ ಯಾರು ಹೇಳ್ತಾರೆ? ಪ್ರಶ್ನೆಯನ್ನ ಯಾವ ಜಾಗದಲ್ಲಿ, ಯಾರ ಎದುರು ಕೇಳ್ತೀವಿ ಅನ್ನೋದೂ ಡಿಸೈನ್‌ನ ಭಾಗವೇ.

ಅದೇ ವರ್ಷ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ 60 ಪ್ರಶ್ನೆಗಳ ಸಮೀಕ್ಷೆ ಶುರುವಾಯ್ತು. ಅಲ್ಲಿ ಇಡೀ ರಾಜಕೀಯ ಒಂದು ಡ್ರಾಪ್‌ಡೌನ್ ಪಟ್ಟಿಯ ಸುತ್ತ ಸುತ್ತಿತು. ಹಿಂದೂ ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಅಂತ ಇದ್ದ ಹೆಸರುಗಳಿಗೆ ವಿರೋಧ ಬಂದಾಗ ಅವನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿದರು. ಜನ ತಾವಾಗೇ ಹೇಳಿದರೆ ಬರೆಸಬಹುದು ಅಂದರು. ಹಾಗೆ ಹೇಳುವವರು ಕಡಿಮೆ, ಪಟ್ಟಿಯಲ್ಲಿ ಕಂಡದ್ದನ್ನ ಒತ್ತುವವರು ಜಾಸ್ತಿ ಅಂತ ಆ್ಯಪ್ ಮಾಡಿದ ಯಾರಿಗೆ ಬೇಕಾದರೂ ಗೊತ್ತು. ಮನೆಗಳನ್ನು ಗುರುತಿಸೋಕೆ ಆ ಸಮೀಕ್ಷೆಯಲ್ಲಿ ಬಳಸಿದ್ದು ವಿದ್ಯುತ್ ಮೀಟರ್. ಒಳ್ಳೇ ಯೋಚನೆಯೇ, ಊರೆಲ್ಲ ಮೀಟರ್ ಇದೆಯಲ್ಲ. ಆದರೆ ಒಂದು ಮೀಟರಿಗೆ ನಾಲ್ಕು ಸಂಸಾರ ಇರೋ ವಠಾರ, ಮೀಟರೇ ಇಲ್ಲದ ಕಟ್ಟಡ ಕಾರ್ಮಿಕರ ಶೆಡ್ಡು? ಗೊಟ್ಟಿಗೆರೆಯಿಂದ ಬನ್ನೇರುಘಟ್ಟದ ಕಡೆ ಎರಡು ಕಿಲೋಮೀಟರ್ ನಡೆದರೆ ಇವೆರಡೂ ಕಣ್ಣಿಗೆ ಬೀಳ್ತವೆ.

ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಗೆ. ಯಜಮಾನಿ ಯಾರು ಅನ್ನೋದನ್ನ ರೇಷನ್ ಕಾರ್ಡು ಹೇಳುತ್ತೆ. 2013ರ ಆಹಾರ ಭದ್ರತಾ ಕಾಯ್ದೆ 18 ತುಂಬಿದ ಹಿರಿಯ ಮಹಿಳೆಯನ್ನ ಕಾರ್ಡಿನ ಮುಖ್ಯಸ್ಥೆ ಮಾಡಿದ್ದು ಅಕ್ಕಿ ಹಂಚೋಕೆ. ಹತ್ತು ವರ್ಷದ ಮೇಲೆ ಅದೇ ಕಾಲಂ ನೋಡಿ ದುಡ್ಡು ಹಾಕಲಾಯ್ತು. ಅತ್ತೆ-ಸೊಸೆ ಒಂದೇ ಕಾರ್ಡಿನಲ್ಲಿದ್ದರೆ ದುಡ್ಡು ಅತ್ತೆಗೆ. ನ್ಯಾಯವೋ ಅನ್ಯಾಯವೋ ಆಮೇಲೆ ನೋಡೋಣ. ಒಂದು ಕೆಲಸಕ್ಕೆ ಮಾಡಿದ ಕಾಲಂ ಇನ್ಯಾವುದೋ ಕೆಲಸಕ್ಕೆ ಬಳಕೆ ಆಗೇ ಆಗುತ್ತೆ ಅಂತ ಮೊದಲೇ ಅಂದಾಜಿರಬೇಕು.

ಹಾಗಾದರೆ ಏನು ಕಲೀಬೇಕು?

ಎಸ್‌ಕ್ಯೂಎಲ್ ಬೇಡ ಅಂತ ಯಾರಾದರೂ ಈ ಲೇಖನ ತೋರಿಸಿ ವಾದಿಸಿದರೆ ನನ್ನ ಹೊಣೆ ಅಲ್ಲ. ಎಸ್‌ಕ್ಯೂಎಲ್ ಬೇಕು, ಇಂಡೆಕ್ಸ್ ಯಾಕೆ ಎಲ್ಲಿ ಹಾಕ್ತಾರೆ ಗೊತ್ತಿರಬೇಕು, ದುಡ್ಡಿನ ವಿಷಯದಲ್ಲಿ ಟ್ರಾನ್ಸಾಕ್ಷನ್ ಅರ್ಥ ಆಗಿರಬೇಕು, ಬ್ಯಾಕಪ್ ತೆಗೆದರೆ ಸಾಲದು, ಅದನ್ನ ವಾಪಸ್ ಹಾಕಿ ನೋಡಿರಬೇಕು. ಇವಕ್ಕೆ ಒಳ್ಳೇ ಪುಸ್ತಕ, ವಿಡಿಯೋ ಬೇಕಾದಷ್ಟಿವೆ. ಆರು ತಿಂಗಳ ಶ್ರದ್ಧೆ ಸಾಕು.

ಉಳಿದದ್ದಕ್ಕೆ ಕೋರ್ಸ್ ಇಲ್ಲ. ಕ್ಲೈಂಟ್ ಹತ್ರ ಹೋದಾಗ ಮೊದಲು ಲ್ಯಾಪ್‌ಟಾಪ್ ತೆಗೀಬೇಡಿ, ಅವರ ಪುಸ್ತಕ ಕೇಳಿ. ರದ್ದಾದ ರಸೀದಿ, ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಟಿಪ್ಪಣಿ ನೋಡಿ; ನಿಮ್ಮ ಡಿಸೈನ್ ಒಡೆಯೋದು ಅಲ್ಲೇ. ಓನರ್ ಹೇಳಿದ್ದನ್ನ ಬರೆದುಕೊಂಡ ಮೇಲೆ, ದಿನಾ ಎಂಟ್ರಿ ಮಾಡೋ ಹುಡುಗಿಯನ್ನ ಬೇರೆಯಾಗಿ ಕೇಳಿ. ಓನರ್ 'ಎಲ್ಲರೂ ತಿಂಗಳ ಕೊನೇಲಿ ದುಡ್ಡು ಕೊಡ್ತಾರೆ' ಅಂದಿರ್ತಾರೆ, ಆ ಹುಡುಗಿ ನಗ್ತಾಳೆ. 'ಒಂದು ವೇಳೆ' ಅಂತ ಶುರುವಾಗೋ ಪ್ರಶ್ನೆಗಳನ್ನ ಬೇಸರ ಬರೋವಷ್ಟು ಕೇಳಿ: ಒಂದು ವೇಳೆ ಸತ್ತುಹೋದರೆ, ಮನೆ ಭಾಗ ಆದರೆ, ಅರ್ಧ ದುಡ್ಡು ಕೊಟ್ಟರೆ, ಇಬ್ಬರು ಒಂದೇ ಹೆಸರಿನವರಿದ್ದರೆ. ಅವರು ಬಳಸೋ ಪದಗಳನ್ನೇ ಟೇಬಲ್ ಹೆಸರುಗಳಾಗಿ ಇಡಿ. ಚಿತ್ರವನ್ನ ಕಾಗದದ ಮೇಲೆ ಕನ್ನಡದಲ್ಲೇ ಬರೆದು ತೋರಿಸಿ. ಅರ್ಥವಾಗದ ಚಿತ್ರಕ್ಕೆ ಜನ ಸುಮ್ಮನೆ ತಲೆಯಾಡಿಸ್ತಾರೆ, ಅರ್ಥವಾದ ಚಿತ್ರದಲ್ಲಿ ತಪ್ಪು ಹಿಡೀತಾರೆ.

ಇನ್ನೊಂದು, ಬೇಡ ಅನ್ನೋದನ್ನ ಕಲೀಬೇಕು. 'ಇರಲಿ ಬಿಡಿ ಮುಂದೆ ಉಪಯೋಗ ಆಗುತ್ತೆ' ಅಂತ ಕ್ಲೈಂಟ್‌ಗಳು ಆಧಾರ್ ನಂಬರು, ಜಾತಿ, ಧರ್ಮ ಎಲ್ಲಾ ಕೇಳೋ ಫಾರಂ ಮಾಡಿಸ್ತಾರೆ. ಪಿಜಿಗೆ ಸೇರೋ ಹುಡುಗಿಯ ಜಾತಿ ಯಾಕೆ ಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಏನು ಹೇಳುತ್ತೆ ಅಂತ ಓದಿಕೊಂಡಿರಿ, ಕ್ಲೈಂಟ್‌ಗೆ ಬೇಡ ಅನ್ನೋಕೆ ಅದು ಒಂದು ಆಸರೆ. ಅದೇ ಕಾಯ್ದೆ ಮಾಹಿತಿ ಹಕ್ಕಿನ ಒಂದು ಕಲಂ ತಿದ್ದಿ ನಮ್ಮಂಥ ಪತ್ರಕರ್ತರ ಬಾಯಿಗೆ ಬೀಗ ಹಾಕೋಕೆ ಹೊರಟಿದೆ, ಅದು ಬೇರೆ ಜಗಳ. ಕರಾರು ಬರೆಯುವಾಗ ಡೇಟಾ ಯಾರದ್ದು, ನಾಳೆ ನಿಮ್ಮನ್ನ ಬಿಟ್ಟು ಬೇರೆಯವರ ಹತ್ರ ಹೋದರೆ ಯಾವ ರೂಪದಲ್ಲಿ ವಾಪಸ್ ಕೊಡ್ತೀರಿ ಅನ್ನೋದನ್ನೂ ಬರೆಯಿರಿ. ದುಡ್ಡಿನ ಬಗ್ಗೆ ನಾಚಿಕೆ ಬೇಡ: ಡಿಸೈನ್ ಮುಗಿದ ಮೇಲೆ ಬರೋ ಬದಲಾವಣೆಗೆ ಬೇರೆ ಲೆಕ್ಕ ಅಂತ ಮೊದಲೇ ಹೇಳಿ. ನಾನು ಎಂಟು ಸಾವಿರಕ್ಕೆ ಎರಡು ಸಲ ಕಟ್ಟಿದೆ.

ಹೌದು, ಎರಡು ಸಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 6000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1000, ಅದಕ್ಕಿಂತ ದೂರವಾದರೆ ಬೇರೆ ರೇಟು. ಟ್ಯಾಂಕರ್ ನೋಂದಣಿಯೂ ಕಡ್ಡಾಯ ಆಯ್ತು. ಅಣ್ಣ ಫೋನ್ ಮಾಡಿದರು: "ಈಗ ದೂರಾನೂ ಲೆಕ್ಕ ಇಡ್ಬೇಕಂತೆ, ಬಾರಪ್ಪ." ಈ ಸಲ ನಾನು ಎರಡು ದಿನ ಶೆಡ್ಡಿನಲ್ಲಿ ಕೂತೆ, ಡ್ರೈವರ್ ಜೊತೆ ನಾಲ್ಕು ಟ್ರಿಪ್ ಹೋದೆ. ಮುಖ್ಯ ಟೇಬಲ್‌ನ ಹೆಸರು 'ನೀರು ಇಳಿಸೋ ಜಾಗ'. ಫೋನ್ ನಂಬರುಗಳು ಬೇರೆ ಟೇಬಲ್‌ನಲ್ಲಿ, ಎಷ್ಟು ಬೇಕಾದರೂ. ಲೋಡ್ ಹಂಚಿಕೊಂಡರೆ ಅದಕ್ಕೊಂದು ನಡುವಿನ ಟೇಬಲ್. ರೇಟು ಆವತ್ತಿನದು ಆವತ್ತಿಗೆ. ಎಂಟ್ರಿ ಮಾಡೋದು ಈಗ ಅಣ್ಣನ ಮಗಳು, ಬಿಕಾಂ ಓದ್ತಿದ್ದಾಳೆ.

ಡ್ರೈವರ್ ಜೊತೆ ಹೋದಾಗ ನೋಡಿದರೆ ನೀಲಿ ಗೇಟ್ ಮನೆಗೆ ಹಸಿರು ಪೇಂಟ್ ಬಳಿದಿದ್ದರು. ಶೆಡ್ಡಿಗೆ ಬಂದು ಹೆಸರು ಬದಲಿಸ್ಲಾ ಅಂತ ಕೇಳಿದೆ. "ಬೇಡ ಅಣ್ಣಾ," ಅಂದಳು ಅವಳು, "ಡ್ರೈವರ್‌ಗಳಿಗೆಲ್ಲ ಅದು ನೀಲಿ ಗೇಟೇ."